ಬದಲಿ ಮೇಷ್ಟ್ರ ಬಾಳೆದಂಟಿನ ಕುದುರೆ

ಯಾವ ಊರಿನ ಯಾವ ಟೀಚರಮ್ಮನಿಗೆ ಹೆರಿಗೆಯಾದರೂ ಹಿಗ್ಗುವ ಗಂಡಸು ನಖೋನ್ ಸವಾನ್ ಜಿಲ್ಲೆಯಲ್ಲಿ ಒಬ್ಬರೇ ಇದ್ದರು. ಅವರು ಪ್ರಯೂನ್ ಮೇಷ್ಟ್ರು. ಇದಕ್ಕೆ ಇಲ್ಲದ ಅರ್ಥ ಹಚ್ಚಬೇಡಿ, ಮೇಷ್ಟ್ರು ಬಹಳ ಮರ್ಯಾದಸ್ಥರು. ಅವರು ಬದಲಿ ಮೇಷ್ಟ್ರು, ಅಷ್ಟೇ. ಇನ್ನೊಬ್ಬರಿಗೆ ಹೆರಿಗೆಯಾದರೆ, ಕಾಮಾಲೆ ಬಂದರೆ, ಮೋಟಾರ್ ಬೈಕಿನಿಂದ ಬಿದ್ದು ಕಾಲು ಮುರಿದರೆ ಇವರ ಮನೆಯಲ್ಲಿ ಅನ್ನ ಬೇಯುತ್ತಿತ್ತು. ತಲೆ ನರೆಯುವ ತನಕ ಹೀಗೆ ಕಂಡವರ ಕುರ್ಚಿಯಲ್ಲಿ ಕೂತು ಕೂತು, ಸಾಯುವುದರೊಳಗೆ ಸ್ವಂತಕ್ಕೊಂದು ಕುರ್ಚಿ ಸಿಗಲಿ ಎನ್ನುವುದೊಂದೇ ಅವರ ಆಸೆಯಾಗಿತ್ತು.

ಆ ಯೋಗ ಈ ವರ್ಷ ಕೂಡಿ ಬಂದಿತ್ತು. ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಟೀಚರಮ್ಮನಿಗೆ ಅವಳಿ ಜವಳಿ ಹುಟ್ಟಿ, 'ಎರಡು ಮಕ್ಕಳೇ ಸಾಕು, ಆ ಮೂರು-ಏಳರ ಮಕ್ಕಳ ಸಹವಾಸ ಇನ್ನು ಬೇಡ' ಎಂದು ಆಕೆ ಕೆಲಸಕ್ಕೇ ಕೈಮುಗಿದುಬಿಟ್ಟರು. ಕುರ್ಚಿ ಖಾಲಿಯಾಯಿತು. ಹೆಡ್‌ಮಾಸ್ಟರ್ ಸುರಚೇತ್ ಸಾಹೇಬರು ಪ್ರಯೂನ್ ಮೇಷ್ಟ್ರನ್ನು ಕರೆದು ಹೇಳಿದರು:

"ನೋಡಿ ಮೇಷ್ಟ್ರೇ, ಬುಧವಾರ ಇನ್‌ಸ್ಪೆಕ್ಟರ್ ಆರೀರತ್ ಮೇಡಂ ಬರ್ತಾರೆ. ನಿಮ್ಮ ಕ್ಲಾಸಲ್ಲಿ ಕೂತು ನೋಡ್ತಾರೆ. ಅವರು ಹೂಂ ಅಂದ್ರೆ ಕುರ್ಚಿ ನಿಮ್ದು. ಉಹೂಂ ಅಂದ್ರೆ, ನಿಮ್ಮ ಅತ್ತೆ ಅಂಗಡಿ ಹೇಗೂ ಇದ್ಯಲ್ಲ."

ಅತ್ತೆ ಲಮುನಮ್ಮನದು ಸಂತೆ ಬಾಗಿಲಲ್ಲಿ ಕಡ್ಡಿಗೆ ಚುಚ್ಚಿದ ಹಂದಿಮಾಂಸ ಸುಡುವ ಅಂಗಡಿ. ಕೆಂಡಕ್ಕೆ ಗಾಳಿ ಬೀಸಲು ಒಬ್ಬ ಗಂಡಾಳು ಬೇಕೆಂದು ಆಕೆ ಮಗಳ ಮದುವೆಯಾದಂದಿನಿಂದ ಕಾಯುತ್ತಿದ್ದಳು. ಮೇಷ್ಟ್ರ ಪ್ರತಿಯೊಂದು ಬದಲಿ ಕೆಲಸ ಮುಗಿದಾಗಲೂ ಬೀಸಣಿಗೆಯನ್ನು ತೊಳೆದು ಒಣಗಿಸಿ ಇಡುತ್ತಿದ್ದಳು. ಪದವಿ ಪಡೆದ ಗಂಡಸಿನ ಎದುರಿಗೆ ಹೀಗೆ ಬೀಸಣಿಗೆ ಒಣಹಾಕುವುದು ಎಂಥ ಅವಮಾನ ಎಂಬುದು ಅನುಭವಿಸಿದವರಿಗೇ ಗೊತ್ತು.

ಆದರೆ ಮೇಷ್ಟ್ರಿಗೂ ಕುರ್ಚಿಗೂ ನಡುವೆ ಮೂರು-ಏಳು ಇತ್ತು. ಹೈಸ್ಕೂಲಿನ ಮೂರನೇ ವರ್ಷದ ಮಕ್ಕಳನ್ನೆಲ್ಲ ಸೋಸಿ, ಕೆನೆಯನ್ನು ಒಂದನೇ ವಿಭಾಗಕ್ಕೆ ಹಾಕಿ, ಸೋಸುತ್ತ ಸೋಸುತ್ತ ಕೊನೆಗೆ ಜಾಲರಿಯಲ್ಲಿ ಉಳಿದದ್ದನ್ನು ಏಳನೆಯದಕ್ಕೆ ಸುರಿದಿದ್ದರು. ಅದಕ್ಕೇ ಮೂರು-ಏಳು ಎಂದು ಹೆಸರು. ಆ ತರಗತಿಯ ಲೀಡರು ಮೊಟ್ ಎಂಬ ಹುಡುಗಿ. ನೋಡಲು ಹಿಡಿಯಷ್ಟು, ಗಂಟಲು ಮಾತ್ರ ಚುನಾವಣೆಯ ಮೈಕಿನಷ್ಟು. ಹಿಂದಿನ ಬೆಂಚಿನ ಸರದಾರನ ಹೆಸರು ಬ್ಯಾಂಕ್. ಮನೆಯವರು ಬಹಳ ಆಸೆಯಿಂದ ಇಟ್ಟ ಹೆಸರು, ಆದರೆ ಅದರೊಳಗೆ ಒಂದು ದಿನವೂ ಹೋಮ್‌ವರ್ಕ್ ಜಮೆಯಾದದ್ದಿಲ್ಲ.

ಮೇಷ್ಟ್ರು ಬೋರ್ಡಿನ ಮೇಲೆ ತ್ರಿಕೋನ ಬರೆಯಲು ಬೆನ್ನು ತಿರುಗಿಸಿದರೆ ಸಾಕು, ಹಿಂದಿನಿಂದ ಕುಟ್ ಕುಟ್ ಎಂದು ಒರಳಿನ ಸದ್ದು. ಹಸಿ ಪಪ್ಪಾಯಿ ಕುಟ್ಟಿ ಸೋಮ್ ತಮ್ ಮಾಡುತ್ತಿದ್ದಾರೆ!

"ಏನ್ರೋ ಅದು ಸದ್ದು?"

"ಏನಿಲ್ಲ ಮೇಷ್ಟ್ರೇ. ನಿಮಗೆ ಮೆಣಸಿನಕಾಯಿ ಎಷ್ಟು ಹಾಕ್ಲಿ?"

ಇನ್ನೊಂದು ದಿನ ಕಿಟಕಿಯಲ್ಲಿ ಹೆಲ್ಮೆಟ್ ಹಾಕಿದ ತಲೆಯೊಂದು ಕಾಣಿಸಿಕೊಂಡು, "ಐಸ್ ಟೀ ಆರ್ಡರ್ ಯಾರ್ದು?" ಎಂದು ಕೇಳಿತು. ಇಡೀ ತರಗತಿ ಕೈ ಎತ್ತಿತು. ಪ್ರಶ್ನೆ ಕೇಳಿದಾಗ ಒಂದು ದಿನವಾದರೂ ಎತ್ತಿದ ಕೈಗಳೇ ಅವು? ಇನ್ನು ಬಾಗಿಲ ಹೊರಗೆ ಬಿಟ್ಟ ಮೇಷ್ಟ್ರ ಬೂಟುಗಳ ವಿಷಯ. ಗಂಟೆ ಹೊಡೆಯುವ ಹೊತ್ತಿಗೆ ಒಂದು ತಾವರೆ ತೊಟ್ಟಿಯಲ್ಲಿ ತೇಲುತ್ತಿದ್ದರೆ ಇನ್ನೊಂದು ಮಾವಿನ ಮರದ ಮೇಲಿರುತ್ತಿತ್ತು. ಸರ್ಕಾರವಾದರೋ ಮಕ್ಕಳ ಮೈ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದೆ. ಮೇಷ್ಟ್ರ ಮೈಯನ್ನು ಯಾರೂ ಮುಟ್ಟಬಾರದೆಂದು ಮಾತ್ರ ಯಾವ ಸರ್ಕಾರವೂ ಹೇಳಿಲ್ಲ.

ಇಷ್ಟೆಲ್ಲ ಇದ್ದರೂ ಸಂತೆ ಬಾಗಿಲಿಗೆ ಬಂದರೆ ಮೇಷ್ಟ್ರ ವರಸೆಯೇ ಬೇರೆ.

"ಶಿಸ್ತು ಅಂದ್ರೆ ಏನು? ನಾನೊಂದ್ಸಲ ಕಣ್ಣು ಬಿಟ್ರೆ ಸಾಕು, ಕ್ಲಾಸಲ್ಲಿ ಸೊಳ್ಳೆ ಹಾರಿದ್ರೂ ಕೇಳ್ಸುತ್ತೆ," ಎಂದರು ಭಾನುವಾರ ಸಂಜೆ, ಅತ್ತೆಯ ಅಂಗಡಿಯೆದುರಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು.

ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ಕ್ಷೌರದ ಅಂಗಡಿ ಇಟ್ಟಿದ್ದ ಚುಯ್‌ ಮಾಮ ಮಾಂಸದ ಕಡ್ಡಿಯನ್ನು ಬಾಯಿಂದ ತೆಗೆದರು. "ಹೌದೌದು. ಕೇಳ್ಸುತ್ತೆ ನಂಗೂ. ನಿಮ್ಮ ಕ್ಲಾಸಿನ ಸೊಳ್ಳೆಗೆ ಭಾರೀ ಗಂಟ್ಲು ಕಣ್ರೀ ಮೇಷ್ಟ್ರೇ. ಮೊನ್ನೆ ಬೆಚ್ಚಿಬಿದ್ದು ಒಬ್ಬನ ಕಿವಿಗೇ ಕತ್ರಿ ಹಾಕ್ಬಿಡ್ತಿದ್ದೆ."

ಅತ್ತೆ ಕೆಂಡ ಕೆದಕುತ್ತ ಹೇಳಿದಳು: "ಯಾಕೆ ಸುಮ್ನೆ ಜಂಬ? ಶಾಲೆ ಹಿತ್ಲಲ್ಲೇ ಥೊಂಗ್ ತಾತನ ಗುಡಿ ಇದೆ. ಬುಧವಾರದ್ದು ಸಲೀಸಾಗ್ಲಿ ಅಂತ ಒಂದು ಹರಕೆ ಹೊತ್ಕೊಳ್ಳಿ ಅಳಿಯಂದ್ರೇ. ನಿಮ್ಮ ಹೆಂಡ್ತಿ ಹುಟ್ಟಿದ್ದು ಹರಕೆಯಿಂದ, ನಮ್ಮ ಬೀದಿಗೆ ಕರೆಂಟ್ ಬಂದಿದ್ದು ಹರಕೆಯಿಂದ. ನೀವು ಅಳಿಯ ಆಗಿದ್ದು ಮಾತ್ರ, ನಾನು ಹರಕೆ ಹೊರೋದು ಮರೆತ ವರ್ಷ."

ಗಿರಾಕಿಗಳೆಲ್ಲ ನಕ್ಕರು. ಮೇಷ್ಟ್ರು ಸ್ಟೂಲು ಒದ್ದು ಎದ್ದರು. "ನಾನು ಗಣಿತದ ಮೇಷ್ಟ್ರು ಅತ್ತೆ. ಸೂತ್ರ ನಂಬ್ತೀನಿ, ಭೂತ ನಂಬಲ್ಲ!"

ಹೀಗೆಂದವರು ಮಂಗಳವಾರ ಬೆಳಿಗ್ಗೆ, ಇನ್ನೂ ಬಾವುಟ ಏರಿಸುವ ಗಂಟೆ ಹೊಡೆಯುವ ಮುಂಚೆ, ಅತ್ತಿತ್ತ ನೋಡುತ್ತ ಥೊಂಗ್ ತಾತನ ಗುಡಿಯೆದುರು ಮಂಡಿಯೂರಿದ್ದರು. ಕೈಯಲ್ಲಿ ಊದುಬತ್ತಿ, ಮುಂದೆ ಸ್ಟ್ರಾ ಹಾಕಿದ ಕೆಂಪು ಸೋಡಾ ಬಾಟಲಿ. ತಾತ ಹಿಂದಿನ ಕಾಲದಲ್ಲಿ ರಾಜನ ಓಲೆ ಒಯ್ಯುವ ಕುದುರೆ ಸವಾರನಾಗಿದ್ದನಂತೆ. ಅದಕ್ಕೇ ಗುಡಿಯ ಸುತ್ತ ಮಣ್ಣಿನ ಕುದುರೆಗಳು. ಮೇಷ್ಟ್ರು ಮೊದಲು ಬೇಯಿಸಿದ ಮೊಟ್ಟೆಯಿಂದ ಚೌಕಾಸಿ ಶುರುಮಾಡಿದರು. ಆಮೇಲೆ ಅವರಿಗೆ ಹೊಳೆಯಿತು: ಅಲ್ಲ, ಮೂರು-ಏಳು ಬಾಯಿ ಮುಚ್ಚುವುದು ಈ ಯುಗದಲ್ಲಿ ನಡೆಯುವ ಮಾತೇ? ಹೇಗೂ ತೀರಿಸುವ ಪ್ರಸಂಗವೇ ಬರದ ಹರಕೆಗೆ ಜಿಪುಣತನ ಯಾಕೆ? ಹಾಗೆಂದುಕೊಂಡು, ತಾತನಿಗೆ ಕಿವಿ ಮಂದವಿದ್ದೀತೆಂದು ಗಟ್ಟಿಯಾಗಿಯೇ ಹೇಳಿದರು:

"ತಾತಾ, ನಾನು ಪ್ರಯೂನ್, ಲಮುನಮ್ಮನ ಅಳಿಯ. ಆ ಇನ್‌ಸ್ಪೆಕ್ಟರ್ ಮೇಡಂ ನಮ್ಮ ಶಾಲೆ ಗೇಟಿನೊಳಗೆ ಇರೋವಷ್ಟು ಹೊತ್ತೂ ಮೂರು-ಏಳರ ಒಂದು ಮಗುವಿನ ಬಾಯಿಂದಾನೂ ಒಂದು ಚೂರು ಶಬ್ದ ಹೊರಡಬಾರ್ದು. ನಡೆಸಿಕೊಟ್ರೆ ಹಾಡಹಗಲಲ್ಲಿ, ಎಲ್ಲರೆದುರಿಗೆ, ಬಾಳೆದಂಟಿನ ಕುದುರೆ ಏರಿ, ಕುದುರೆ ಥರಾನೇ ಕೂಗ್ತಾ, ಈ ಮೈದಾನಕ್ಕೆ ಒಂಬತ್ತು ಸುತ್ತು ಓಡ್ತೀನಿ!"

ಬಾವುಟದ ಸಾಲು ತಪ್ಪಿಸಿಕೊಳ್ಳಲೆಂದು ಮೊದಲೇ ಬಂದು ಗುಡಿಯ ಹಿಂದೆ ಕೂತು ಅಂಟನ್ನದ ಉಂಡೆ ತಿನ್ನುತ್ತಿದ್ದ ಬ್ಯಾಂಕ್ ಮತ್ತವನ ಗೆಳೆಯರು ಉಂಡೆಯನ್ನು ಬಾಯಲ್ಲೇ ನಿಲ್ಲಿಸಿದರು. ಮಧ್ಯಾಹ್ನದೊಳಗೆ ಇಡೀ ಮೂರು-ಏಳು ಮಾವಿನ ಮರದಡಿ ಸಭೆ ಸೇರಿತು. ಮೊಟ್ ಅಧ್ಯಕ್ಷತೆ ವಹಿಸಿದಳು. ಕೂಗಾಟ ದಿನಾ ಇದ್ದದ್ದೇ, ಮೇಷ್ಟ್ರು ಕುದುರೆಯಾಗುವುದು ಜನ್ಮಕ್ಕೊಂದೇ ಸಲ. ಮೇಡಂ ಗೇಟಿನೊಳಗಿದ್ದಷ್ಟು ಹೊತ್ತು ಪ್ರಾಣ ಹೋದರೂ ಬಾಯಿ ಬಿಡಬಾರದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಆ ಮಕ್ಕಳು ಶಾಲೆಗೆ ಸೇರಿದಾಗಿನಿಂದ ಒಮ್ಮತಕ್ಕೆ ಬಂದದ್ದು ಅದೊಂದು ವಿಷಯದಲ್ಲಿ ಮಾತ್ರ.

ಬುಧವಾರ ಮೇಡಂ ಅವರ ಬಿಳಿ ಕಾರು ಗೇಟು ದಾಟಿದ್ದೇ ತಡ, ಮೂರು-ಏಳರಲ್ಲಿ ಕರೆಂಟು ಹೋದಂತೆ ಸದ್ದು ನಿಂತಿತು. ಮೇಷ್ಟ್ರಿಗೆ ತಮ್ಮ ಕಿವಿಯ ಮೇಲೇ ಅನುಮಾನ ಬಂದು ಒಮ್ಮೆ ಬೆರಳು ಹಾಕಿ ನೋಡಿಕೊಂಡರು. ಮೇಡಂ ಒಳಗೆ ಬಂದರು. ಕನ್ನಡಕ, ಬಿಗಿದ ತುರುಬು, ಕಂಕುಳಲ್ಲಿ ಫೈಲು. ಮೊಟ್ ಎದ್ದು ಕೈ ಬೀಸಿದಳು. ಮಕ್ಕಳೆಲ್ಲ ಎದ್ದು ತುಟಿ ಬಿಚ್ಚದೆ ಕೈಮುಗಿದು, ತುಟಿ ಬಿಚ್ಚದೆ ಕೂತರು.

"ನಮಸ್ಕಾರ ಮಕ್ಳೇ," ಎಂದರು ಮೇಡಂ.

ಉತ್ತರವಿಲ್ಲ.

"ತ್ರಿಕೋನಕ್ಕೆ ಎಷ್ಟು ಬದಿ? ಯಾರ್ ಹೇಳ್ತೀರಿ?"

ಉತ್ತರವಿಲ್ಲ. ಮೇಷ್ಟ್ರು ಮಾತ್ರ ಹೆಮ್ಮೆಯಿಂದ ಎದೆಯುಬ್ಬಿಸಿ ಕಣ್ಣು ಬಿಟ್ಟುಕೊಂಡು ನಿಂತಿದ್ದರು. ತಾತನ ಮಾತು ಆಗಲೇ ಮರೆತುಹೋಗಿ, ಇದೆಲ್ಲ ತಮ್ಮ ಕಣ್ಣಿನದೇ ಮಹಿಮೆ ಎಂದು ಅವರಿಗೆ ಮನವರಿಕೆಯಾಗಿತ್ತು.

ಮೇಡಂ ಬಗ್ಗಿ ಮೊಟ್‌ಳ ಗಲ್ಲ ಹಿಡಿದರು. "ನಿನ್ನ ಹೆಸರೇನಮ್ಮ, ಪುಟ್ಟಿ?"

ಮೊಟ್ ಕೈಮುಗಿದು, ಅಂಗಿಯ ಮೇಲೆ ಹೊಲಿದಿದ್ದ ತನ್ನ ಹೆಸರನ್ನು ಬೆರಳಿನಿಂದ ತೋರಿಸಿದಳು. ಅದೇ ಹೊತ್ತಿಗೆ ಮೂರನೇ ಬೆಂಚಿನ ಹುಡುಗನೊಬ್ಬನಿಗೆ ಬಿಕ್ಕಳಿಕೆ ಬಂತು. ಅಕ್ಕಪಕ್ಕದವರಿಬ್ಬರು ಹಾರಿಬಿದ್ದು ಅವನ ಬಾಯಿಗೆ ಕೈ ಒತ್ತಿದರು. ಬ್ಯಾಂಕ್ ನಗು ತಡೆಯಲಾರದೆ ಕರವಸ್ತ್ರ ಕಚ್ಚಿಕೊಂಡಿದ್ದ. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು.

ಮೇಡಂ ಅದನ್ನೆಲ್ಲ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಬಾಗಿಲ ಬಳಿ ನಿಂತು ಮೇಷ್ಟ್ರಿಗೆ ಹೇಳಿದರು: "ಈ ಕೆಲಸದಲ್ಲಿ ಕೂದಲು ಬೆಳ್ಳಗಾಯ್ತು ನಂದು. ಇಷ್ಟು ಹೆದರಿರೋ ಮಕ್ಕಳನ್ನ ಎಲ್ಲೂ ನೋಡಿರ್ಲಿಲ್ಲ."

"ಎಲ್ಲ ತಮ್ಮ ಆಶೀರ್ವಾದ ಮೇಡಂ!" ಎಂದರು ಮೇಷ್ಟ್ರು, ಹೊಗಳಿಕೆಯೆಂದೇ ತಿಳಿದು.

ಬಿಳಿ ಕಾರು ಗೇಟಿನಿಂದ ಆಚೆ ಹೋಯಿತು. ಮರುಕ್ಷಣ ಕಟ್ಟೆಯೊಡೆಯಿತು. ಚುಯ್‌ ಮಾಮನ ಅಂಗಡಿಯಲ್ಲಿ ಕತ್ತರಿ ಬಿದ್ದ ಸದ್ದು ಇಲ್ಲಿಗೂ ಕೇಳಿಸಿತು. ಬ್ಯಾಂಕ್ ಬೆಂಚಿನಡಿಯಿಂದ ಉದ್ದದ ಬಾಳೆದಂಟೊಂದನ್ನು ಎಳೆದು ಮೇಷ್ಟ್ರ ಮೇಜಿನ ಮೇಲಿಟ್ಟ. ಅದಕ್ಕಾಗಲೇ ಕುದುರೆಯ ಕಿವಿ ಕೆತ್ತಿ, ಲಗಾಮಿಗೆ ಕೆಂಪು ರಿಬ್ಬನ್ ಕಟ್ಟಿ ಆಗಿತ್ತು.

"ಕುದುರೆ ಯಾವಾಗ ಮೇಷ್ಟ್ರೇ?" ಎಂದಳು ಮೊಟ್.

ಮೇಷ್ಟ್ರು ಬಾಳೆದಂಟಿನ ಮೇಲೆ ಹಾಜರಿ ಪುಸ್ತಕ ಮುಚ್ಚಿದರು. "ಯಾ... ಯಾವ ಕುದುರೆ?"

"ಒಂಬತ್ತು ಸುತ್ತಿನ ಕುದುರೆ. ಕೂಗೋ ಕುದುರೆ."

"ಕದ್ದು ಕೇಳ್ತೀರಾ ಕಳ್ಳ ನನ್ಮಕ್ಳಾ! ಹರಕೆ ಅನ್ನೋದು ನನಗೂ ತಾತನಿಗೂ ಮಧ್ಯೆ ಇರೋ ವ್ಯವಹಾರ. ನಿಮಗ್ಯಾಕೆ?"

"ಬಾಯಿ ಮುಚ್ಚಿದ್ದು ತಾತಾನಾ ಮೇಷ್ಟ್ರೇ? ನಾವು!" ಎಂದ ಬ್ಯಾಂಕ್. "ನನ್ನ ಕರವಸ್ತ್ರ ನೋಡಿ, ತೂತಾಗೋಗಿದೆ."

ಮೇಷ್ಟ್ರು ಮಂಡಿ ನೋವೆಂದರು, ಬಿಸಿಲೆಂದರು, ಸೊಂಗ್‌ಕ್ರಾನ್ ಹಬ್ಬ ಕಳೆಯಲಿ ಎಂದರು. ಎಲ್ಲಕ್ಕಿಂತ ಮುಖ್ಯ, ನಾಳೆ ಸ್ವಂತ ಕುರ್ಚಿಯಲ್ಲಿ ಕೂರುವ ಗಣಿತದ ಮೇಷ್ಟ್ರು ಇಂದು ಬಾಳೆದಂಟು ಏರಿ ಊರ ಮುಂದೆ ಕೂಗುತ್ತ ಓಡುವುದೆಂದರೇನು? ಕುದುರೆಯನ್ನು ಬೀರುವಿನ ಹಿಂದೆ ತಳ್ಳಿ ಮನೆಗೆ ನಡೆದರು.

ಗುರುವಾರ ಬೆಳಿಗ್ಗೆ ಹೆಡ್‌ಮಾಸ್ಟರ್ ಸಾಹೇಬರು ಅವರನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. "ಬೆತ್ತ ಎಲ್ಲಿಟ್ಟಿದೀರಿ ಮೇಷ್ಟ್ರೇ? ಮರ್ಯಾದೆಯಾಗಿ ತೆಗೆದುಕೊಟ್ಬಿಡಿ."

"ಯಾವ ಬೆತ್ತ ಸಾರ್?"

"ಮಕ್ಕಳಿಗೆ ಹೊಡಿಯೋ ಬೆತ್ತ! ಮೂರು-ಏಳನ್ನ ಹೊಡೀದೆ ಬಡೀದೆ ಸುಮ್ನೆ ಕೂರ್ಸಕ್ಕೆ ಬ್ರಹ್ಮನಿಂದ್ಲೂ ಆಗಲ್ಲ ಅನ್ನೋದು ನನಗೆ ಗೊತ್ತು. ಮೇಡಂ ವಿಚಾರಣೆಗೆ ಬರೆದಿದಾರೆ. ನಾಳೆ ಬಂದು ಒಂದೊಂದೇ ಮಗುವನ್ನ ಕೇಳ್ತಾರಂತೆ."

ಮೇಷ್ಟ್ರಿಗೆ ನಖಶಿಖಾಂತ ಉರಿಯಿತು. "ಅಲ್ಲಾ ಸಾರ್, ಗಲಾಟೆ ಮಾಡಿದ್ರೆ ಮೇಷ್ಟ್ರಿಗೆ ತಾಕತ್ತಿಲ್ಲ ಅಂತೀರಿ. ಸುಮ್ನೆ ಕೂತ್ರೆ ಮೇಷ್ಟ್ರು ರಾಕ್ಷಸ ಅಂತೀರಿ. ಹಾಗಾದ್ರೆ ಮಕ್ಕಳು ಏನ್ ಮಾಡ್ಬೇಕು, ಪಿಸುಪಿಸು ಅನ್ಬೇಕಾ? ಎಷ್ಟು ಪಿಸುಪಿಸು ಅಂದ್ರೆ ಸರ್ಕಾರಕ್ಕೆ ಸಮಾಧಾನ?"

ಸಾಹೇಬರು ಎದ್ದು ಬಾಗಿಲು ತೆಗೆದು ನಿಂತರು. ಹರಕೆಯ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಯಿತು. ಶಿಸ್ತು ತನ್ನದಲ್ಲ, ತಾತನದು ಎಂದು ಒಪ್ಪಿಕೊಂಡರೆ ಕುರ್ಚಿ ಎಲ್ಲಿಂದ ಬರಬೇಕು? ಹೋಗಲಿ, ಮಕ್ಕಳನ್ನು ಕೇಳಲಿ, ಅವರೇ 'ಹೊಡೆದಿಲ್ಲ' ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು ಎಂದು ಧೈರ್ಯ ತಂದುಕೊಂಡರು.

ಶುಕ್ರವಾರ ಬಿಳಿ ಕಾರು ಮತ್ತೆ ಗೇಟು ದಾಟಿತು. ಮೂರು-ಏಳು ಮತ್ತೆ ಬಾಯಿ ಹೊಲಿದುಕೊಂಡಿತು. ಮೇಡಂ ಗೇಟಿನೊಳಗೆ ಇರುವಷ್ಟು ಹೊತ್ತೂ ಎಂದಲ್ಲವೇ ಹರಕೆ? ಒಂದು ಶಬ್ದ ಹೊರಟರೂ ಕುದುರೆ ತಪ್ಪಿಹೋಗುತ್ತದೆ. ಮೊದಲು ಮೊಟ್ ಹೋದಳು, ಮೇಡಂ ಎದುರು ಕೂತಳು, ಕೈಮುಗಿದು ಎದ್ದು ಬಂದಳು. ಎಂಥ ಮುದ್ದಿನ ಮಾತಿಗೂ, ಎಂಥ ಚಾಕಲೇಟಿಗೂ ಒಂದು ಮಗುವೂ ತುಟಿ ಬಿಚ್ಚಲಿಲ್ಲ.

ಬ್ಯಾಂಕ್‌ನಿಗೆ ಮಾತ್ರ ಮೇಷ್ಟ್ರ ಮೇಲೆ ಕನಿಕರ ಹುಟ್ಟಿತು. ಬಾಯಿ ಬಿಡದೆಯೇ ನಿಜ ತಿಳಿಸೋಣ ಎಂದು ಎದ್ದುನಿಂತು, ಕಾಲುಗಳ ನಡುವೆ ಇಲ್ಲದ ಕುದುರೆ ಹಿಡಿದು, ಇನ್ನೊಂದು ಕೈಯಿಂದ ತನ್ನ ಕುಂಡೆಗೆ ಪಟಪಟ ಹೊಡೆದುಕೊಳ್ಳುತ್ತ ಕೋಣೆಯ ತುಂಬ ಕುಪ್ಪಳಿಸಿದ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು.

"ಅಲ್ಲಿಗಾ ಹೊಡೆದಿದ್ದು, ಕಂದಾ? ಕುಪ್ಪಳಿಸೋ ಹಾಗೆ ಹೊಡೆದ್ರಾ?"

ಬ್ಯಾಂಕ್ ಅಲ್ಲ ಅಲ್ಲ ಎಂದು ತಲೆಯಾಡಿಸಿ, ಮೇಡಂ ಕೈಯಿಂದಲೇ ಪೆನ್ನು ಕಿತ್ತುಕೊಂಡ. ಮೂರು-ಏಳರ ಹುಡುಗರಿಗೆ ಕಾಗದ ಕೊಟ್ಟರೆ ವಿಮಾನ ಮಾಡಿಯಾರೇ ಹೊರತು ಬರೆದದ್ದಿಲ್ಲ. ಆದರೂ ಬಹಳ ಕಷ್ಟಪಟ್ಟು ಬರೆದ: 'ಕುದುರೆ. ಒಂಬತ್ತು ಸುತ್ತು. ಬಾಕಿ ಇದೆ.'

"ಅಯ್ಯೋ ದೇವರೇ," ಎಂದರು ಮೇಡಂ. "ಇನ್ನೂ ಬಾಕಿ ಬೇರೆ ಇದ್ಯಾ!"

ಸಂಜೆಯ ಹೊತ್ತಿಗೆ ವಿಷಯ ಸಂತೆ ಬಾಗಿಲಿಗೆ ಬಂದು ಮುಟ್ಟಿತು. ದಾರಿಯಲ್ಲಿ ಬರುತ್ತ ಬರುತ್ತ ಅದು ಚೆನ್ನಾಗಿ ಮೈ ತುಂಬಿಕೊಂಡಿತ್ತು. ಮೀನಿನವಳ ಬಾಯಲ್ಲಿ, ಮೇಷ್ಟ್ರು ಮಕ್ಕಳನ್ನು ಕುದುರೆಯ ಹಾಗೆ ಓಡಿಸುತ್ತಾರೆ. ತೆಂಗಿನಕಾಯಿಯವನ ಬಾಯಲ್ಲಿ, ಮಕ್ಕಳ ಬೆನ್ನೇರಿ ಸವಾರಿ ಮಾಡುತ್ತಾರೆ. ಚುಯ್‌ ಮಾಮನ ಅಂಗಡಿ ತಲುಪುವಾಗ ಮೇಷ್ಟ್ರ ಕಾಲಿಗೆ ಮುಳ್ಳಿನ ಲಾಳವೂ ಬಂದಿತ್ತು.

"ಅಳಿಯಂದ್ರೇ, ಮಕ್ಕಳ ಮೇಲೆ ಕೂತು ಸವಾರಿ ಮಾಡ್ತೀರಂತೆ?" ಎಂದು ಅತ್ತೆ ನೇರವಾಗಿ ಕೇಳಿದಳು. "ನಿಮ್ಮ ತೂಕ ನೋಡ್ಕೊಂಡಿದೀರಾ?"

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಮೇಷ್ಟ್ರು ಎಲ್ಲ ಹೇಳಿದರು. ಅತ್ತೆ ನಗಲಿಲ್ಲ. ಹರಕೆಯ ವಿಷಯದಲ್ಲಿ ಆಕೆ ಎಂದೂ ನಗುವವಳಲ್ಲ. ಇಕ್ಕಳ ಕೆಳಗಿಟ್ಟು, ವಕೀಲರಂತೆ ಒಂದೊಂದಾಗಿ ಕೇಳಿದಳು.

"ಬುಧವಾರ ಅಂತ ದಿನ ಹೇಳಿದ್ರಾ?"

"ಇಲ್ಲ."

"ಒಂದೇ ಸಲ ಅಂತ ಹೇಳಿದ್ರಾ?"

"ಇಲ್ಲ."

"ಅಯ್ಯೋ ನನ್ನ ಕರ್ಮವೇ! ಹಾಗಾದ್ರೆ ಆ ಯಮ್ಮ ಗೇಟಿನೊಳಗೆ ಕಾಲಿಟ್ಟಾಗೆಲ್ಲ ಆ ಮಕ್ಕಳ ಬಾಯಿಗೆ ಬೀಗ. ಹರಕೆ ತೀರ್ಸೋ ತನಕ ಆ ಬೀಗ ತೆಗೆಯಲ್ಲ. ಅವರು ಬಾಯಿ ಬಿಡೋ ತನಕ ನೀವು ಹೊಡ್ದಿಲ್ಲ ಅಂತ ಹೇಳೋರು ಯಾರು? ಎದ್ದೋಗಿ ಓಡಿ!"

"ಓಡಲ್ಲ!" ಮೇಷ್ಟ್ರು ಗುಡುಗಿದರು. "ತಪ್ಪು ಮಾಡಿದೋನು ಓಡ್ತಾನೆ. ನಾನ್ಯಾಕೆ ಓಡ್ಲಿ? ಸೋಮವಾರ ಸತ್ಯ ತಾನಾಗೇ ಹೊರಗೆ ಬರುತ್ತೆ, ನೋಡ್ತಿರಿ."

ಸತ್ಯಕ್ಕೆ ಸೋಮವಾರ ಬೇರೆ ಕೆಲಸವಿತ್ತೆಂದು ಕಾಣುತ್ತದೆ, ಬರಲಿಲ್ಲ. ಬಂದವರು ಮೇಡಂ, ಮನೆಯಲ್ಲಿ ಮಕ್ಕಳು 'ಹೊಡೆದಿಲ್ಲ' ಎಂದದ್ದನ್ನು ಹೆದರಿಕೆಯ ಸುಳ್ಳೆಂದೇ ತಿಳಿದ ತಂದೆ ತಾಯಿ, ಕರೆಯದಿದ್ದರೂ ಮೀನಿನವಳು ಮತ್ತು ಅರ್ಧ ಕ್ಷೌರವಾದ ಗಿರಾಕಿಯನ್ನು ಜೊತೆಗೇ ಕರೆತಂದ ಚುಯ್‌ ಮಾಮ. ಹೆಡ್‌ಮಾಸ್ಟರ ಕೋಣೆ ಸಾಲದೆ ಜಗುಲಿಯ ತುಂಬ ಜನ. ಕಿಟಕಿಗಳ ತುಂಬ ಮೂರು-ಏಳು, ಬಾಯಿ ಬಿಗಿದುಕೊಂಡು. ಸಾಹೇಬರು ಬೆರಳಚ್ಚು ಮಾಡಿದ ರಾಜೀನಾಮೆಯನ್ನು ಮೇಷ್ಟ್ರ ಮುಂದಿಟ್ಟು ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದುಕೊಟ್ಟರು.

"ಕೊನೇ ಸಲ ಕೇಳ್ತೀನಿ," ಎಂದರು ಮೇಡಂ ಕಿಟಕಿಯತ್ತ ತಿರುಗಿ. "ಹೆದರಬೇಡಿ ಮಕ್ಳೇ, ನಾವೆಲ್ಲ ಇದೀವಿ. ಈ ಮೇಷ್ಟ್ರು ನಿಮಗೆ ಹೊಡೆದಿದಾರಾ? ಹೌದು ಅಥವಾ ಇಲ್ಲ ಅನ್ನಿ, ಸಾಕು."

ಒಂದು ಉಸಿರೂ ಇಲ್ಲ. ತಾಯಂದಿರು ಅಂಗೈಯಿಂದ ಕಣ್ಣೊರೆಸಿಕೊಂಡರು. ಬ್ಯಾಂಕ್ ಮಾತ್ರ ಕಿಟಕಿಯ ಸರಳಿನ ನಡುವೆ ಮುಖ ತೂರಿಸಿ, ಕೈಮುಗಿದು, ಓಡಿ ಮೇಷ್ಟ್ರೇ, ದಮ್ಮಯ್ಯ ಓಡಿ ಎಂದು ಕಣ್ಣಲ್ಲೇ ಬೇಡುತ್ತಿದ್ದ.

ಅದನ್ನು ಕಂಡದ್ದೇ ಮೇಷ್ಟ್ರ ತಾಳ್ಮೆ ಹರಿಯಿತು. ಪೆನ್ನನ್ನು ಮೇಜಿಗೆ ಕುಕ್ಕಿ ಎದ್ದರು.

"ಥೂ! ಇಷ್ಟು ವರ್ಷ ಕಂಡೋರ ಬಾಣಂತನಕ್ಕೆಲ್ಲ ನಾನು ಪಾಠ ಮಾಡಿದೀನಿ. ನನ್ನ ಬೂಟು ಮರ ಹತ್ತಿತು, ಯಾರಿಗಾದ್ರೂ ದೂರು ಕೊಟ್ನಾ? ಪಾಠದ ಮಧ್ಯೆ ಪಪ್ಪಾಯಿ ಕುಟ್ಟಿದ್ರು, ಒಂದೇಟು ಹಾಕಿದ್ನಾ? ಹಾಕ್ಬೇಕು ಅಂತ ಕೈ ಕಡೀತು, ಎ-ಬಿ-ಸಿ ತ್ರಿಕೋನ ಅಂದ್ಕೊಂಡು ಸುಮ್ನಾದೆ! ಒಂದೇ ಒಂದು ದಿನ, ಒಂದೇ ಒಂದು ಗಂಟೆ ಈ ಕೋತಿಗಳು ಬಾಯಿ ಮುಚ್ಚಲಿ ಅಂದ್ಕೊಂಡಿದ್ದು ತಪ್ಪಾ? ಯಾವನಾದ್ರೂ ಹೇಳಿ, ತಪ್ಪಾ?"

ಜನರನ್ನು ಮೊಣಕೈಯಿಂದ ಸರಿಸುತ್ತ ಲಮುನಮ್ಮ ಒಳಗೆ ಬಂದಳು. ಹೆಗಲ ಮೇಲೆ ಹಸಿಹಸಿ ಬಾಳೆದಂಟು, ಅದಕ್ಕೆ ಕಿವಿ, ಲಗಾಮು, ಕುತ್ತಿಗೆಗೊಂದು ಚೆಂಡುಹೂವಿನ ಹಾರ.

"ಸಹಿ ಗಿಹಿ ಆಮೇಲೆ ಮಾಡ್ಲಿ ಸಾಹೇಬ್ರೇ. ಮೊದಲು ತಾತಂದು ಮುಗೀಲಿ. ತಗೊಳ್ಳಿ ಅಳಿಯಂದ್ರೇ, ಹತ್ತಿ."

"ಹತ್ತಲ್ಲ ಅಂದ್ರೆ ಹತ್ತಲ್ಲ. ನನ್ನ ಮಾನ..."

"ಮಾನ ಶುಕ್ರವಾರಾನೇ ಸಂತೇಲಿ ಖರ್ಚಾಯ್ತು. ಹತ್ತಿ!"

ಮೇಷ್ಟ್ರು ಸುತ್ತ ನೋಡಿದರು. ಮೇಡಂ ಬಾಯಿ ತೆರೆದು ನಿಂತಿದ್ದರು. ರಾಜೀನಾಮೆ ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಭಕ್ತಿಯಿಂದಲ್ಲ, ಶುದ್ಧ ಸಿಟ್ಟಿನಿಂದ ಅವರು ಅತ್ತೆಯ ಕೈಯಿಂದ ಕುದುರೆಯನ್ನು ಕಿತ್ತುಕೊಂಡು, ಕಾಲ ನಡುವೆ ಸಿಕ್ಕಿಸಿ, ಮೆಟ್ಟಿಲಿಳಿದು ಮೈದಾನಕ್ಕೆ ನುಗ್ಗಿದರು.

ಮೊದಲನೇ ಸುತ್ತು ಗಂಭೀರವಾಗಿ ಓಡಿದರು. ಗುಡಿಯ ಹತ್ತಿರ ಬಂದಾಗ ಅತ್ತೆ, "ಕೂಗು ಎಲ್ಲಿ? ಕೂಗ್ತೀನಿ ಅಂದಿದ್ರಲ್ಲ!" ಎಂದು ಗದರಿದಳು. ಎರಡನೇ ಸುತ್ತಿನಿಂದ ಕೂಗು ಶುರುವಾಯಿತು. ಅದು ಕುದುರೆಯ ಕೂಗೆಂದು ಯಾವ ಕುದುರೆಯೂ ಒಪ್ಪುತ್ತಿರಲಿಲ್ಲ. ಆದರೆ ಅದರಲ್ಲಿ ಅಷ್ಟೂ ವರ್ಷಗಳ ಬದಲಿ ಕೆಲಸದ ಸಂಕಟವೆಲ್ಲ ಇತ್ತು. ಟೈ ಹೆಗಲ ಮೇಲೆ ಹಾರಿತು. ನಾಲ್ಕನೇ ಸುತ್ತಿನಲ್ಲಿ ಒಂದು ಬೂಟು ಕಳಚಿತು, ಅದನ್ನು ಯಾರೂ ಮರದ ಮೇಲೆ ಎಸೆಯಲಿಲ್ಲ. ಮೀನಿನವಳು ಮೊದಲು ನಕ್ಕಳು, ಆಮೇಲೆ ಚಪ್ಪಾಳೆ ತಟ್ಟಿದಳು. ಸಾಹೇಬರು ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತರು. ಮೂರು-ಏಳು ಮಾತ್ರ ಸಾಲಾಗಿ ನಿಂತು, ಕೆಂಪಾದ ಮುಖಗಳಲ್ಲಿ, ಬೆರಳು ಮಡಿಸುತ್ತ ಸುತ್ತು ಎಣಿಸುತ್ತಿತ್ತು.

ಒಂಬತ್ತನೇ ಸುತ್ತು ಮುಗಿಸಿ ಮೇಷ್ಟ್ರು ತಾತನ ಗುಡಿಯೆದುರು ಕುದುರೆಯ ಸಮೇತ ಅಂಗಾತ ಬಿದ್ದರು. ಆಗ ಮೂರು-ಏಳು ಬಾಯಿ ಬಿಟ್ಟಿತು. ಬೆಳಿಗ್ಗೆಯಿಂದ ಕಟ್ಟಿಟ್ಟದ್ದೆಲ್ಲ ಒಮ್ಮೆಗೇ ಹೊರಬಿತ್ತು. ಗುಡಿಯ ಮೇಲಿನ ಪಾರಿವಾಳಗಳೆಲ್ಲ ಎದ್ದುಹೋದವು. ಮಕ್ಕಳು ಮೇಷ್ಟ್ರ ಸುತ್ತ ಕುಣಿದರು, ಅವರ ಟೈ ಎಳೆದರು, ಇನ್ನೊಂದು ಸುತ್ತು ಇನ್ನೊಂದು ಸುತ್ತು ಎಂದು ಪೀಡಿಸಿದರು. ಬ್ಯಾಂಕ್ ಅವರ ಬಾಯಿಗೆ ಬಲವಂತವಾಗಿ ತಾತನ ಕೆಂಪು ಸೋಡಾದ ಸ್ಟ್ರಾ ತುರುಕಿದ.

ಮೇಡಂ ಗದ್ದಲದ ನಡುವೆ ಹೇಗೋ ದಾರಿ ಮಾಡಿಕೊಂಡು ಮೊಟ್‌ಳನ್ನು ಹಿಡಿದರು. "ಮಾತು ಬರುತ್ತಾ ನಿಂಗೆ? ಏನಮ್ಮ ಇದೆಲ್ಲ?"

ಮೊಟ್ ಒಂದೇ ಉಸಿರಿನಲ್ಲಿ ಎಲ್ಲ ಒದರಿದಳು. "...ಹೊಡಿಯೋದಾ ಮೇಡಂ? ಇವರಾ? ಇವರು ಕೋಲು ಎತ್ತಿದ್ರೆ ನಾವು ಹಿಡ್ಕೋತೀವಿ, ಬಿದ್ಹೋದಾರು ಅಂತ!"

"ಮತ್ತೆ ಅಷ್ಟು ದಿನ ಸುಮ್ನಿದ್ರಲ್ಲ. ಇವರ ಕೆಲಸ ಹೋಗ್ತಿತ್ತು, ಗೊತ್ತಾ?"

ಮೊಟ್ ಮುಖ ಬಾಡಿತು. ಸಿಟ್ಟಿನಿಂದ ಕಾಲು ನೆಲಕ್ಕೆ ಬಡಿದಳು. "ಅದನ್ನ ನಮಗೆ ಯಾರ್ ಹೇಳಿದ್ರು? ನೀವು ಬರೀ ಹೊಡೆದ್ರಾ ಹೊಡೆದ್ರಾ ಅಂತಿದ್ರಿ! ಇವರನ್ನ ಕಳಿಸ್ಬಿಟ್ರೆ ನಮಗ್ಯಾರು? ಆ ಒಂದನೇ ವಿಭಾಗದ ಮೇಷ್ಟ್ರು ನಮ್ಮ ಕ್ಲಾಸಿನ ಮುಂದೆ ನಡೆಯೋವಾಗ ಮೂಗು ಮುಚ್ಕೋತಾರೆ. ಇವರು ದಿನಾ ಬರ್ತಾರೆ. ಬೂಟ್ ಹೋದ್ರೂ ಮಾರ್ನೇ ದಿನ ಬರ್ತಾರೆ."

ಅಂಗಾತ ಬಿದ್ದಿದ್ದ ಮೇಷ್ಟ್ರು ಅದನ್ನು ಕೇಳಿಸಿಕೊಂಡರು. ಏನೋ ಹೇಳಬೇಕೆಂದು ಬಾಯಿ ತೆರೆದರು, ಬಂದದ್ದು ಕೆಮ್ಮು. ಸೋಡಾ ಮೂಗಿಗೆ ಹತ್ತಿತ್ತು.

"ರಾಜೀನಾಮೆ ಹರಿದುಹಾಕಿ," ಎಂದರು ಮೇಡಂ ಹೆಡ್‌ಮಾಸ್ಟರಿಗೆ. "ಕುರ್ಚಿ ಇವರಿಗೇ ಕೊಡಿ."

"ಆದ್ರೆ ಮೇಡಂ, ಶಿಸ್ತು..." ಎಂದು ಸಾಹೇಬರು ಗದ್ದಲದ ಕಡೆ ಕೈ ತೋರಿಸಿದರು.

"ಮೂರು-ಏಳಕ್ಕೆ ಹೋಗ್ತೀನಿ ಅನ್ನೋರು ನಿಮ್ಮ ಹತ್ರ ಇನ್ಯಾರಾದ್ರೂ ಇದಾರಾ?"

ಸಾಹೇಬರು ಒಳಗೆ ಹೋಗಿ ಕಾಗದವನ್ನು ತಂದು ಹರಿದರು.

ಮಧ್ಯಾಹ್ನ ಮೇಷ್ಟ್ರು ಖಾಲಿ ತರಗತಿಯಲ್ಲಿ, ಬಕೆಟ್ಟಿನ ಬಿಸಿನೀರಿಗೆ ಕಾಲಿಟ್ಟುಕೊಂಡು ತಮ್ಮ ಸ್ವಂತ ಕುರ್ಚಿಯಲ್ಲಿ ಕೂತಿದ್ದರು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಬಾಗಿಲು ಸದ್ದಾಗದಂತೆ ತೆರೆಯಿತು. ಆರೀರತ್ ಮೇಡಂ ಒಳಗೆ ಬಂದು, ಕಾರಿಡಾರಿನಲ್ಲಿ ಅತ್ತಿತ್ತ ನೋಡಿ, ಚಿಲಕ ಹಾಕಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ನನ್ನ ಮನೆಯವರು, ಮಕ್ಕಳು ಎಲ್ಲ ಉತ್ತರದ ತುದೀಲಿರೋ 'ನಾನ್' ಅನ್ನೋ ಊರಲ್ಲಿದಾರೆ. ಪ್ರತಿ ವರ್ಷ ಅರ್ಜಿ ಹಾಕ್ತೀನಿ, ಪ್ರತಿ ವರ್ಷ ತಳ್ಳಿಹಾಕ್ತಾರೆ." ಅವರ ದನಿ ಪಿಸುಮಾತಿಗಿಳಿಯಿತು. "ಆ ತಾತ... ವರ್ಗಾವಣೇನೂ ಮಾಡಿಸಿಕೊಡ್ತಾನಾ?"

ಮೇಷ್ಟ್ರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಾಲನ್ನು ಬಕೆಟ್ಟಿನಿಂದ ತೆಗೆದು ಒರೆಸಿಕೊಂಡರು. ಎದ್ದುಹೋಗಿ ಬೋರ್ಡು ಒರೆಸಿ, ಸೀಮೆಸುಣ್ಣ ಹಿಡಿದು, ಮೊದಲನೇ ಬೆಂಚಿನತ್ತ ಕೈ ತೋರಿಸಿದರು.

"ಕೂತ್ಕೊಳ್ಳಿ."

ಮೇಡಂ ಕೂತರು.

"ಬರ್ಕೊಳ್ಳಿ. ಒಂದು, ದಿನ ಹೇಳ್ಬೇಕು. ಯಾವತ್ತು, ಎಷ್ಟು ಹೊತ್ತಿನ ತನಕ, ಎಷ್ಟು ಸಲ. ಎರಡು, ಊರಿನ ಹೆಸರು ಬಿಡಿಸಿ ಹೇಳ್ಬೇಕು. ಬರೀ 'ವರ್ಗಾವಣೆ' ಅಂದ್ರೆ ಮಲೇಷ್ಯಾ ಗಡಿಗೆ ಹಾಕ್ಬಿಟ್ಟಾನು. ಮೂರು, ನೆರವೇರೋದೇ ಇಲ್ಲ ಅಂತ ಗೊತ್ತಿದ್ರೂ ದೊಡ್ಡ ಬಾಯಿ ಮಾಡಿ ಹರಕೆ ಹೊರಬಾರ್ದು. ನಾಲ್ಕು, ಬಾಯಿ ತೆರೆಯೋ ಮುಂಚೆ ಗುಡಿಯ ಹಿಂದೆ ಹೋಗಿ ನೋಡ್ಬೇಕು." ಬೋರ್ಡಿನ ಮೇಲೆ ಅವರು ಗುಡಿಯನ್ನೂ ಗೇಟನ್ನೂ ಮೈದಾನವನ್ನೂ ಅಳತೆಯಾಗಿ ಬರೆದು, ಓಡುವ ದಾರಿಗೆ ಬಾಣದ ಗುರುತು ಹಾಕಿದರು.

ಮೇಡಂ ಕಿಟಕಿಯಾಚೆ ನೋಡಲಿಲ್ಲ, ಐಸ್ ಟೀ ತರಿಸಲಿಲ್ಲ, ಮಧ್ಯೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಫೈಲಿನ ಹಿಂಬದಿಯಲ್ಲಿ ದುಂಡಗಿನ ಅಕ್ಷರದಲ್ಲಿ ಒಂದೊಂದು ಮಾತನ್ನೂ ಬರೆದುಕೊಂಡರು. ಪ್ರಯೂನ್ ಮೇಷ್ಟ್ರ ಇಡೀ ವೃತ್ತಿಯಲ್ಲಿ, ಮೊದಲಿನಿಂದ ಕೊನೆಯ ತನಕ ಬಾಯಿ ಮುಚ್ಚಿಕೊಂಡು ಪಾಠ ಕೇಳಿದ ವಿದ್ಯಾರ್ಥಿ ಅವರೊಬ್ಬರೇ.